ಸತ್ತ ಕುರಿಯ ಜಾಗದಲ್ಲಿ ಗೌರಿ

ನನಗೆ ಅನುಮಾನ ಸ್ವಲ್ಪ ಜಾಸ್ತಿಯೇ. ಹಾಲಿನವನು ಒಂದು ತೊಟ್ಟು ಹೆಚ್ಚು ಸುರಿದರೂ ಇವತ್ತೇನು ವಿಶೇಷ ಎಂದು ಯೋಚಿಸುವವಳು. ಕಡೂರಿನ ಕುರಿ ಸಾಕುವವರ ಸಂಘಕ್ಕೆ ವೆಬ್‌ಪೇಜ್ ಮಾಡಿಕೊಟ್ಟ ಭವ್ಯ ನಾನೇ. ಸದಸ್ಯರ ಕುರಿ ಸತ್ತರೆ ಅದರ ಫೋಟೋ ಹಾಕಿ, ಗುರುತಿಗೆಂದು ಅದರ ಕಿವಿಗೆ ಚುಚ್ಚಿದ ಓಲೆಯ ನಂಬರ್ ತುಂಬಿ ಕಳಿಸಬೇಕು. ಸಂಘ ಬದಲಿಗೆ ಒಂದು ಮರಿ ಕೊಡುತ್ತದೆ. ಫೋಟೋ ಮಸುಕಾಗಿದೆಯೇ, ತೀರಾ ಚಿಕ್ಕದೇ ಎಂದು ಕಳಿಸುವವರ ಮೊಬೈಲಿನಲ್ಲೇ, ಬ್ರೌಸರ್ ಒಳಗೇ ನನ್ನ ಕೋಡ್ ಪರೀಕ್ಷಿಸುತ್ತದೆ. ಅದು ಮುಗಿಯುವವರೆಗೆ ಕಾಯಬೇಕಿಲ್ಲ, ಉಳಿದದ್ದನ್ನು ತುಂಬುತ್ತಾ ಹೋಗಬಹುದು. ತರೀಕೆರೆಯವರೂ ಅಜ್ಜಂಪುರದವರೂ ಸಲೀಸಾಗಿ ಬಳಸುತ್ತಿದ್ದರು, ನನಗೂ ಹೆಮ್ಮೆ ಇತ್ತು.

ಯಗಟಿಯ ಲಕ್ಕಣ್ಣನಿಂದ ಮೂರು ಅರ್ಜಿ ಬಂದವು. ಓಲೆಯ ನಂಬರ್ ಬೇರೆ ಬೇರೆ, ಮೂರೂ ಫೋಟೋದಲ್ಲಿ ಮಾತ್ರ ಒಂದೇ ಕುರಿ. ಹಣೆಯ ಮೇಲೆ ಬಿಳಿ ಮಚ್ಚೆ, ಬಾಯಲ್ಲಿ ಹುಲ್ಲು, ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿತ್ತು. ನನಗೆ ಮೈ ಉರಿಯಿತು. ಬದುಕಿರುವ ಕುರಿ ತೋರಿಸಿ ಮರಿ ಹೊಡೆಯುವ ಕಳ್ಳ ಎಂದು ಕಾರ್ಯದರ್ಶಿ ಮೃತ್ಯುಂಜಯ ಅವರಿಗೆ ಬರೆದುಕೊಟ್ಟೆ. ಸೋಮವಾರದ ಸಭೆಯಲ್ಲಿ ಲಕ್ಕಣ್ಣನ ಹೆಸರು ಹೊಡೆದುಹಾಕುವುದೆಂದು ಅವರು ಹೇಳಿದರು.

ಶನಿವಾರ ಲಕ್ಕಣ್ಣ ಬಸ್ಸಿಳಿದು ನೇರವಾಗಿ ಸಂಘದ ಕಚೇರಿಗೆ, ನನ್ನ ಟೇಬಲ್ ಮುಂದೆ ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಕಣ್ಣಲ್ಲಿ ನನಗಿಂತ ಹೆಚ್ಚು ಅನುಮಾನ.

"ನಾನ್ ಹಾಕಿದ್ ಸತ್ತ ಕುರಿ ಫೋಟೋನ ಇಲ್ಲಿ ಯಾರೋ ಬದ್ಲಾಯಿಸ್ತಾವ್ರೆ ಕಣವ್ವ. ಯಾರು ಅಂತ ಹೇಳ್ಬಿಡು."

"ಇಲ್ಲಿ ಯಾರೂ ಮುಟ್ಟಲ್ಲ. ನನ್ನ ಕಣ್ಣೆದುರಿಗೇ ಹಾಕಿ ತೋರ್ಸಿ," ಎಂದೆ. ಸಿಕ್ಕಿಬೀಳಲಿ ಎಂಬ ಆಸೆ ನನಗೆ.

ಅವರು ಮೊಬೈಲ್ ತೆಗೆದು ಮೊದಲು ಆ ಮಚ್ಚೆಯ ಕುರಿಯನ್ನೇ ಒತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಬಿಟ್ಟು, ಕಾಲು ಚಾಚಿ ಬಿದ್ದಿದ್ದ ಕುರಿಯ ಫೋಟೋ ಆರಿಸಿದರು.

"ಮೊದ್ಲು ಅದ್ಯಾಕೆ ಹಾಕಿದ್ರಿ?"

"ಗೌರಿ ಕಣವ್ವ. ಮಂದೆ ಮುಂದೆ ನಡೆಯೋಳು. ಯಾವ ಕೆಲ್ಸಾನೂ ಸತ್ತಿದ್ದರಿಂದ ಸುರು ಮಾಡ್ಬಾರ್ದು. ಅವಳ ಮಖ ತೋರ್ಸಿ, ಆಮ್ಯಾಕೆ ಇದು."

ಹಾಗೆಂದು ಪೇಜನ್ನು ಕೆಳಗೆ ಸರಿಸಿ ನಂಬರ್ ಒತ್ತತೊಡಗಿದರು. ನಾನು ತಡೆದು ಮತ್ತೆ ಮೇಲಕ್ಕೆ ಸರಿಸಿದೆ. ಸತ್ತ ಕುರಿಯ ಫೋಟೋ ಸರಿಯಾಗಿ ಕೂತಿತ್ತು. ನಾವಿಬ್ಬರೂ ನೋಡುತ್ತಿದ್ದಂತೆ ಅದು ಹೋಗಿ ಗೌರಿ ಬಂದು ನಿಂತಳು.

ಯಾರೂ ಮುಟ್ಟಿರಲಿಲ್ಲ. ಗೌರಿಯ ಫೋಟೋ ದೊಡ್ಡದು, ಅದರ ಪರೀಕ್ಷೆ ತಡವಾಗಿ ಮುಗಿಯಿತು. ಎರಡನೆಯದು ಚಿಕ್ಕದು, ಬೇಗ ಮುಗಿಯಿತು. ತಡವಾಗಿ ಮುಗಿದದ್ದೇ ಕೊನೆಯದೆಂದು ನನ್ನ ಕೋಡ್ ಅದನ್ನು ತಂದು ಕೂರಿಸಿತು. ಕೊನೆಗೆ ಆರಿಸಿದ್ದು ಯಾವುದು ಎಂದು ನೋಡುವ ಸಾಲನ್ನೇ ನಾನು ಬರೆದಿರಲಿಲ್ಲ. ಊರವರನ್ನೆಲ್ಲ ಅನುಮಾನಿಸುವವಳು ನನ್ನ ಕೆಲಸವನ್ನು ಮಾತ್ರ ಅನುಮಾನಿಸಿರಲಿಲ್ಲ.

"ನಮ್ಮೂರ್ ಹಟ್ಟೀಲಿ ನನ್ನ ಕಳ್ಳ ಅಂತಾವ್ರೆ," ಎಂದರು ಲಕ್ಕಣ್ಣ, ಮೆಲ್ಲಗೆ. "ಯಾರ್ ಹುಟ್ಟಿಸಿದ ಮಾತೋ ಗೊತ್ತಾಗ್ಲಿಲ್ಲ."

ಅವರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೃತ್ಯುಂಜಯ ಅವರಿಗೆ ಫೋನ್ ಮಾಡಿದೆ.

"ಸಾರ್, ಲಕ್ಕಣ್ಣನವರ ಹೆಸ್ರು ತೆಗೀಬೇಡಿ. ಫೋಟೋ ಬದ್ಲಾಯಿಸಿದ್ದು ನನ್ನ ಪೇಜು. ಕಳ್ಳ ಅಂತ ಬರ್ದಿದ್ದೂ ನಾನೇ. ಸೋಮವಾರ ಸಭೇಲಿ ಎಲ್ರ ಮುಂದೆ ಹೇಳ್ತೀನಿ."

ಲಕ್ಕಣ್ಣ ಮೊಬೈಲನ್ನು ಜೇಬಿಗೆ ಸೇರಿಸಿ, ಕಂಬಳಿ ಸರಿಪಡಿಸಿಕೊಂಡರು.

"ಸಭೆಯೋರು ನನ್ ಜೊತೆ ಕುರಿ ಮೇಯಿಸಾಕಿಲ್ಲ ಕಣವ್ವ," ಎಂದರು. "ಹಟ್ಟಿಗ್ ಬಂದು ಹೇಳು."