ತಕರಾರಿಲ್ಲ

"ಒಳಗೆ ನೀವು ಬಾಯಿ ಬಿಡಬೇಡಿ, ಎಲ್ಲಾ ನಾನು ನೋಡ್ಕೋತೀನಿ," ಎಂದು ವಕೀಲರು ಮತ್ತೊಮ್ಮೆ ಹೇಳಿದರು. ಹೇಳುವಾಗಲೂ ಕಣ್ಣು ಫೋನಿನ ಮೇಲೆಯೇ ಇತ್ತು. ಕೋಟಿನ ಮೇಲೆ 'ಉಚಿತ ನೆರವು' ಎಂಬ ಹೊಸ ಬಿಲ್ಲೆ. ಕಂಪನಿಗಳ ವ್ಯಾಜ್ಯ ನಡೆಸುವ ಹೆಸರುವಾಸಿ ವಕೀಲರು, ಬಡವರಿಗಾಗಿ ಈ ಒಂದು ದಿನ ಕೌಟುಂಬಿಕ ನ್ಯಾಯಾಲಯಕ್ಕೆ ದಯಮಾಡಿಸಿದ್ದರು.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆ ಹೆಂಗಸು ತಲೆಯಾಡಿಸಿದಳು. ತೊಡೆಯ ಮೇಲೆ ನಾಲ್ಕು ವರ್ಷದ ಮಗಳು ನಿದ್ದೆ ಹೋಗಿದ್ದಳು. ಒಂದು ಶೂ ಕಚ್ಚುತ್ತದೆ ಎಂದು ಅತ್ತಿದ್ದಕ್ಕೆ ತಾಯಿ ಅದನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡಿದ್ದಳು. ಗಂಡ ಮಗುವನ್ನು ಕೇಳುತ್ತಿದ್ದಾನೆ, ಕೊಡುವುದಿಲ್ಲ ಎನ್ನಬೇಕು, ಅಷ್ಟೇ ಅವಳ ಕೋರಿಕೆ. "ಕುಡಿದು ಬಂದು ಮಗೂನ ಹೊರಗೆ ಹಾಕಿ ಚಿಲಕ ಹಾಕ್ಕೋತಾನೆ ಸಾರ್," ಎಂದು ಬೆಳಿಗ್ಗೆಯೇ ಹೇಳಿದ್ದಳು. ವಕೀಲರು "ಹ್ಞೂಂ, ಹ್ಞೂಂ" ಎಂದಿದ್ದರು.

ಒಳಗೆ ಗಂಡನ ವಕೀಲರು ಎದ್ದು, ಮುಂದಿನ ವಿಚಾರಣೆಯವರೆಗೆ ಮಗು ತಂದೆಯ ಬಳಿ ಇರಲಿ ಎಂದು ಕೇಳಿಕೊಂಡರು. ನಮ್ಮ ದೊಡ್ಡ ವಕೀಲರ ಕಿವಿಗೆ ಬಿದ್ದದ್ದು 'ಮುಂದಿನ ವಿಚಾರಣೆ' ಎಂಬುದಷ್ಟೇ. ಅವರ ಕೋರ್ಟುಗಳಲ್ಲಿ ಒಬ್ಬರು ಮುಂದಿನ ತಾರೀಕು ಕೇಳಿದರೆ ಇನ್ನೊಬ್ಬರು ಮರ್ಯಾದೆಗೆ ಒಂದು ಮಾತು ಹೇಳುತ್ತಾರೆ. ಎಷ್ಟೋ ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. ಫೋನನ್ನು ಜೇಬಿಗಿಳಿಸುತ್ತ, ಅರ್ಧ ಎದ್ದು, "ತಕರಾರಿಲ್ಲ," ಎಂದುಬಿಟ್ಟರು.

"ನನಗೆ ತಕರಾರಿದೆ ಸ್ವಾಮಿ!" ಮಗುವನ್ನು ಹೆಗಲಿಗೆ ಹಾಕಿಕೊಂಡೇ ಅವಳು ಮುಂದೆ ಬಂದಳು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ವಕೀಲರು ಇಲ್ಲ ಅಂದ್ರಲ್ಲಮ್ಮ?"

"ಪುಕ್ಕಟೆ ಕೊಟ್ಟ ವಕೀಲರು ಸ್ವಾಮಿ. ಅವರನ್ನ ವಾಪಸ್ ತಗೊಳ್ಳಿ, ನಾನೇ ಹೇಳ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಎಲ್ಲ ಕೆಡಿಸಿತು. ತಪ್ಪಾಯಿತು ಎನ್ನಲು ಬಾಯಿ ತೆರೆದಿದ್ದ ವಕೀಲರ ಮುಖ ಕೆಂಪಾಯಿತು. ಒಂದು ಮಾತು ಸಾಕಿತ್ತು. ಆದರೆ ಆ ಮನುಷ್ಯನಿಗೆ ಮಗುವಿಗಿಂತ ತನ್ನ ಮಾನ ದೊಡ್ಡದಾಯಿತು. "ಕಕ್ಷಿದಾರರು ಸ್ವಲ್ಪ ಉದ್ವೇಗದಲ್ಲಿದ್ದಾರೆ. ನಾನು ಹೇಳಿದ ಮಾತಿಗೆ ಬದ್ಧ," ಎಂದರು. ಥೂ!

"ಅಲ್ಲೀವರೆಗೆ ಮಗು ತಂದೆ ಹತ್ರ ಇರ್ಲಿ. ಉಳಿದಿದ್ದು ಮುಂದಿನ ಸಲ ಹೇಳಮ್ಮ," ಎಂದು ನ್ಯಾಯಾಧೀಶರು ಸಹಿ ಹಾಕಿದರು. ವಕೀಲರು ಅವಳತ್ತ ತಿರುಗಿಯೂ ನೋಡದೆ ಹೊರಬಿದ್ದರು.

ಗಂಡ ಮಗುವನ್ನು ನಿದ್ದೆಯಲ್ಲಿದ್ದಂತೆಯೇ ಅವಳ ಹೆಗಲಿನಿಂದ ಎತ್ತಿಕೊಂಡು ನಡೆದ. ಪುಟ್ಟ ಬರಿಗಾಲೊಂದು ಅವನ ಸೊಂಟದ ಬಳಿ ತೂಗಾಡುತ್ತಿತ್ತು. ಅದನ್ನು ಕಂಡಾಗಲೇ ಅವಳಿಗೆ ಶೂ ನೆನಪಾದದ್ದು. ಚೀಲದಿಂದ ತೆಗೆದುಕೊಂಡು ಓಡಿದಳು.

ಮೆಟ್ಟಿಲ ತುಂಬ ಕರಿಕೋಟುಗಳು. ಉಚಿತ ನೆರವು ನೀಡಿದ ಮಹನೀಯರ ಫೋಟೋ ತೆಗೆಯುವುದು ನಡೆದಿತ್ತು. "ಬಾರಮ್ಮ ಬಾ, ಮಧ್ಯ ನಿಂತ್ಕೋ. ನಿಮ್ಮಂಥೋರು ಒಬ್ರಾದ್ರೂ ಬೇಡ್ವಾ?" ಎಂದು ಯಾರೋ ಅವಳ ತೋಳು ಹಿಡಿದು ನಿಲ್ಲಿಸಿದರು.

"ದಾರಿ ಬಿಡಿ ಸಾರ್, ನನ್ನ ಮಗು..."

"ಒಂದೇ ಒಂದು ಫೋಟೋ, ಆಯ್ತು."

ಪಕ್ಕದಲ್ಲೇ ದೊಡ್ಡ ವಕೀಲರು ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಕೆಳಗೆ ರಸ್ತೆಯಲ್ಲಿ ಗಂಡ ಮಗುವಿನೊಂದಿಗೆ ಹತ್ತಿದ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

"ಅಮ್ಮಾ, ಆ ಶೂ ಕೆಳಗಿಡಿ, ಫೋಟೋದಲ್ಲಿ ಬರುತ್ತೆ," ಎಂದ ಫೋಟೋ ತೆಗೆಯುವವನು.

ಅವಳು ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು.