ಒಂದು ನೂಲು ಎಡಕ್ಕೆ

“ನಿಲ್ಲಿಸಿ!”

ಕೂಗಿದವನು ದರ್ಜಿ. ಗುರಿ ಅಭ್ಯಾಸದ ಅಂಗಳಕ್ಕೆ ಇತ್ತೀಚೆಗಷ್ಟೇ ಸೇರಿದ್ದ, ಮಾತು ಕಡಿಮೆಯ ಮನುಷ್ಯ. ಅವನ ಗಂಟಲಲ್ಲಿ ಇಂಥ ಕೂಗು ಇದೆಯೆಂದು ಯಾರೂ ಎಣಿಸಿರಲಿಲ್ಲ. ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ರೈಫಲ್ಲನ್ನು ಮೇಜಿನ ಮೇಲಿಟ್ಟು, ಗುಂಡು ಸಿಡಿಯದಂತೆ ಬೋಲ್ಟ್ ಎಳೆದು ತೆರೆದು, ಕೆಂಪು ಗೆರೆಯ ಹಿಂದಕ್ಕೆ ಬಂದು ಕೈಕಟ್ಟಿ ನಿಂತರು. ಅದು ಅಲ್ಲಿಯ ಕಟ್ಟಳೆ. ಯಾರು ಬೇಕಾದರೂ ಕೂಗಬಹುದು. ಮೊದಲು ನಿಲ್ಲಿಸಬೇಕು, ಕಾರಣ ಆಮೇಲೆ ಕೇಳಬೇಕು. ಕೂಗಿದವರನ್ನು ಬೈಯುವ ಹಾಗಿಲ್ಲ.

ನಿಲ್ಲಿಸದೆ ಉಳಿದವನು ಮೂರನೆಯ ಜಾಗದ ಮುದುಕ ಒಬ್ಬನೇ. ರೈಫಲ್ ಅವನ ಕೈಯಲ್ಲೇ ಇತ್ತು. ಅದರ ನಳಿಗೆ ಗುರಿಕಾಗದಗಳ ಹಿಂದಿನ ದೂರದ ಮರಳುದಿಬ್ಬದ ಕಡೆಗಲ್ಲ, ಅವನ ಹಿಂದೆ ಸ್ಟೂಲಿನ ಮೇಲೆ ಸರದಿ ಕಾಯುತ್ತ ಕೂತಿದ್ದ ದರ್ಜಿಯ ಎದೆಯ ಕಡೆಗೆ ತಿರುಗಿತ್ತು.

“ಎದ್ದೇಳೋ ಅಲ್ಲಿಂದ! ಯಾರನ್ನ ಕೇಳಿ ಕೂತೆ?”

“ನಳಿಗೆ, ಯಜಮಾನ್ರೇ. ನಳಿಗೆ ಆ ಕಡೆ ತಿರುಗಿಸಿ.”

“ನನಗೆ ಹೇಳಿಕೊಡೋಕೆ ಬಂದೆಯಾ? ನೀನು ಲಂಗೋಟಿ ಕಟ್ಟೋ ಕಾಲಕ್ಕೆ ಈ ಗೆರೆ ಎಳೆದವನು ನಾನು!”

ಅದು ನಿಜವೇ ಆಗಿತ್ತು. ಬಕೆಟ್ಟಿನಲ್ಲಿ ಕೆಂಪು ಬಣ್ಣ ಕಲಸಿ, ದಾರ ಹಿಡಿದು, ಮಂಡಿಯೂರಿ ಆ ಗೆರೆಯನ್ನು ಎಳೆದವನು ಅವನು. ಕೂಗಿದವರನ್ನು ಬೈಯಬಾರದು ಎಂಬ ಕಟ್ಟಳೆಯನ್ನು ಮಾಡಿದವನೂ ಅವನೇ.

ಅಂಗಳದ ಮೇಲ್ವಿಚಾರಕಿ ಅವನ ತಂಗಿ. ಅವಳು ಸಾಲಿನ ಆ ತುದಿಯಿಂದ ನಡೆದು ಬಂದಳು. ಓಡಲಿಲ್ಲ. ಬಂದೂಕು ಹಿಡಿದವರ ಕಡೆಗೆ ಓಡಬಾರದು, ಎದುರಿನಿಂದ ಹೋಗಬಾರದು ಎಂದು ಅವಳಿಗೆ ಕಲಿಸಿದ್ದೂ ಅಣ್ಣನೇ. ಪಕ್ಕದಿಂದ ಬಂದು ನಳಿಗೆಯ ಮೇಲೆ ಅಂಗೈಯಿಟ್ಟು, ಹಟ ಮಾಡುವ ಮಗುವಿನ ತಲೆಯನ್ನು ತಿರುಗಿಸುವ ಹಾಗೆ, ಮೆಲ್ಲಗೆ ಅದನ್ನು ದಿಬ್ಬದ ಕಡೆಗೆ ತಿರುಗಿಸಿದಳು.

“ಅಣ್ಣ, ಬೋಲ್ಟ್.”

ಅವನು ಎಳೆದ. ಹಾರಿಸದ ಗುಂಡೊಂದು ಹೊರಬಿದ್ದು, ಸಿಮೆಂಟಿನ ನೆಲದ ಮೇಲೆ ಟಿಣ್ಣೆಂದು ಉರುಳಿ, ಕೆಂಪು ಗೆರೆಯ ಹತ್ತಿರ ನಿಂತಿತು. ಎಲ್ಲರೂ ಅದನ್ನು ನೋಡಿದರು. ದರ್ಜಿ ಎದ್ದು ಗೋಡೆಗೆ ಒರಗಿಕೊಂಡ.

ಹಳೆಯ ಸದಸ್ಯನೊಬ್ಬ, ಎಲ್ಲರೂ ಮೀಸೆ ಎಂದು ಕರೆಯುವವನು, ಕಿವಿಯ ಮುಚ್ಚಿಗೆ ತೆಗೆದು ಹೇಳಿದ: “ನೋಡಿ ಮೇಡಂ, ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಗೇಟಿನಾಚೆ ಇರ್ತಿದ್ರು. ಅಣ್ಣ ಅಂತ ನೀವು...”

“ಗೊತ್ತು,” ಎಂದಳು ಅವಳು. ಅವಳಿಗೆ ಇನ್ನೊಂದೂ ಗೊತ್ತಿತ್ತು. ಹೋದ ವಾರವೂ ಆ ನಳಿಗೆ ಹೀಗೇ ಅರ್ಧ ತಿರುಗಿತ್ತು. ಅವಳು ಕಂಡೂ ಕಾಣದ ಹಾಗೆ ಗುರಿಕಾಗದಗಳನ್ನು ಜೋಡಿಸುತ್ತ ನಿಂತಿದ್ದಳು. ಅತ್ತಿಗೆ ತೀರಿಹೋದ ಮೇಲೆ ಅಣ್ಣ ಮನೆ ಬಿಟ್ಟು ಹೊರಗೆ ಬರುತ್ತಿದ್ದ ಜಾಗ ಇದೊಂದೇ.

ರೈಫಲ್ಲನ್ನು ತಾನೇ ಬೀರುವಿನಲ್ಲಿಟ್ಟು ಬಂದು ಅವನನ್ನು ಕಚೇರಿಯ ಕೋಣೆಗೆ ಕರೆದುಕೊಂಡು ಹೋದಳು. ಬಂದೂಕಿನ ಎಣ್ಣೆಯ ವಾಸನೆ ಗೋಡೆಗೇ ಹಿಡಿದಿದ್ದ ಪುಟ್ಟ ಕೋಣೆ. ಅಲ್ಲಿದ್ದುದು ಎರಡು ಕುರ್ಚಿ. ಸರಿಯಿದ್ದುದನ್ನು ಅವನ ಕಡೆಗೆ ತಳ್ಳಿ, ಕಾಲು ಕುಂಟುವುದರ ಮೇಲೆ ತಾನು ಕೂತಳು. ನೀರು ಕೊಟ್ಟಳು. ಅವನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

“ನಾನು ಅವನ ಕಡೆ ತಿರುಗಲಿಲ್ಲ ಪುಟ್ಟಿ,” ಎಂದ. ಐವತ್ತು ದಾಟಿದವಳನ್ನು ಪುಟ್ಟಿ ಎನ್ನುವವರು ಅವಳಿಗೆ ಇನ್ನು ಅವನೊಬ್ಬನೇ ಉಳಿದಿದ್ದ.

“ಮತ್ತೆ?”

“ಕೇಳೋಕೆ ತಿರುಗಿದೆ.”

ಅವಳಿಗೆ ಆಗ ತಿಳಿಯಿತು. ಆ ಸ್ಟೂಲು ಅತ್ತಿಗೆಯದು. ಅತ್ತಿಗೆ ಒಂದು ದಿನವೂ ಬಂದೂಕು ಮುಟ್ಟಿದವಳಲ್ಲ. ಅಣ್ಣನ ಹಿಂದೆ ಆ ಸ್ಟೂಲಿನ ಮೇಲೆ ಕೂತು, ಮುಕ್ಕಾಲಿಯ ದೂರದರ್ಶಕಕ್ಕೆ ಕಣ್ಣಿಟ್ಟು, ಪ್ರತಿ ಗುಂಡೂ ಎಲ್ಲಿ ಬಿತ್ತೆಂದು ಹೇಳುವುದು ಅವಳ ಕೆಲಸ. “ಒಂಬತ್ತು, ಎಡಕ್ಕೆ.” “ಎಂಟು. ಯಾರ ಮೇಲ್ರೀ ಸಿಟ್ಟು?” ಅಣ್ಣ ರೈಫಲ್ ಕೆಳಗಿಟ್ಟು, ತಿರುಗಿ, ಕೇಳಿ, ತಲೆಯಾಡಿಸಿ, ಮತ್ತೆ ಎತ್ತಿಕೊಳ್ಳುತ್ತಿದ್ದ. ನಟ್ಟನಡುವಿನ ಹತ್ತಕ್ಕೇ ಬಿದ್ದರೂ ಅತ್ತಿಗೆ ಎಷ್ಟೋ ಸಲ ಒಂಬತ್ತೆಂದೇ ಹೇಳುತ್ತಿದ್ದಳು. ಆಮೇಲೆ ತಂಗಿಯ ಕಿವಿಯಲ್ಲಿ, “ಹತ್ತು ಅಂದ್ರೆ ಮನೇಲಿ ಒಂದು ವಾರ ಹಿಡಿಯೋಕಾಗಲ್ಲ ಕಣೇ ಇವರನ್ನ,” ಎಂದು ನಗುತ್ತಿದ್ದಳು.

“ಹೋದ ವಾರವೂ?” ಎಂದು ಕೇಳಿದಳು ತಂಗಿ.

“ಪ್ರತಿ ಸಲ.” ಅವನು ಲೋಟದೊಳಗೆ ನೋಡುತ್ತ ಹೇಳಿದ. “ಮನೇಲಿ ನೆನಪಿರುತ್ತೆ. ಒಂದೇ ತಟ್ಟೆ ತೊಳೀತೀನಿ, ಒಂದೇ ದಿಂಬು ಬಿಸಿಲಿಗೆ ಹಾಕ್ತೀನಿ, ಹೇಗೆ ಮರೆಯೋದು? ಇಲ್ಲಿ ಮಾತ್ರ, ಉಸಿರು ಬಿಟ್ಟು ಟ್ರಿಗರ್ ಒತ್ತಿದೆ ಅಂದ್ರೆ ಒಂದು ಗಳಿಗೆ ಮರೆತುಹೋಗುತ್ತೆ. ಇದ್ದಾಳೆ ಅನ್ಸುತ್ತೆ. ಅದಕ್ಕೇ ಬರ್ತೀನಿ.” ಲೋಟ ಮೇಜಿನ ಮೇಲಿಟ್ಟು, “ತಿರುಗಿದ್ರೆ ಆ ಮನುಷ್ಯ ಕೂತಿದ್ದ,” ಎಂದ.

ಹೊರಗೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ತಂಗಿ ಲೆಕ್ಕ ಹಾಕಿದಳು. ಮುಂದಿನ ವಾರ ತಾನೇ ಪಕ್ಕದಲ್ಲಿ ನಿಲ್ಲಬಹುದೆ? ಎಷ್ಟು ವಾರ? ಗುಂಡು ಉರುಳಿ ಗೆರೆಯ ಹತ್ತಿರ ನಿಂತದ್ದು ಕಣ್ಣೆದುರಿಗೆ ಬಂತು, ದರ್ಜಿ ಗೋಡೆಗೆ ಒರಗಿಕೊಂಡದ್ದು ಬಂತು.

“ಅಣ್ಣ, ನಿನ್ನ ಹತ್ರ ಇರೋ ಬಂದೂಕಿನ ಬೀರುವಿನ ಕೀ ಕೊಡು.”

ಅವನು ತಲೆಯೆತ್ತಿದ. “ನನ್ನನ್ನ ಆಚೆ ಹಾಕ್ತೀಯಾ? ಈ ಕುರ್ಚಿ ಮೇಲೆ ನಿನ್ನನ್ನ ತಂದು ಕೂರಿಸಿದವನು ನಾನು.”

“ಹೌದು.”

“ನಿನ್ನ ಅತ್ತಿಗೆ ಇದ್ದಿದ್ರೆ ಹೀಗೆ ಕೇಳ್ತಿದ್ದೆಯಾ?”

“ಅತ್ತಿಗೆ ಇದ್ದಿದ್ರೆ ನೀನು ರೈಫಲ್ ಕೆಳಗಿಟ್ಟೇ ತಿರುಗ್ತಿದ್ದೆ. ಇಡದೆ ತಿರುಗಿದ್ರೆ ಅವರೇ ನಿನ್ನ ಕಿವಿ ಹಿಂಡಿ ಮನೆಗೆ ಕರ್ಕೊಂಡು ಹೋಗ್ತಿದ್ರು.”

ಅವನ ತುಟಿ ನಗುವುದಕ್ಕೆಂದು ಹೊರಟು ಬೇರೇನೋ ಆಯಿತು. ಜೇಬಿಗೆ ಕೈಹಾಕಿ ಕೀ ತೆಗೆದ. ಅದರ ಕಣ್ಣಿಗೆ ಹಸಿರು ಉಣ್ಣೆಯ ಎಳೆಯೊಂದು ಕಟ್ಟಿತ್ತು. ಮನೆಯ ಕೀಗಳ ಜೊತೆ ಅದಲುಬದಲಾಗದಿರಲೆಂದು ಅತ್ತಿಗೆ ಕಟ್ಟಿದ್ದು. ಅದನ್ನು ಬಿಚ್ಚಿಕೊಳ್ಳಲು ಅವನು ಉಗುರಿನಿಂದ ಕೆದಕಿದ. ಗಂಟು ಎಣ್ಣೆ ಕುಡಿದು ಕಲ್ಲಾಗಿತ್ತು. ಬೆರಳು ಜಾರಿ ಜಾರಿ ಹೋಯಿತು. ತಂಗಿ ಮೇಜಿನ ಮೇಲಿದ್ದ ಕತ್ತರಿಗೆ ಕೈಚಾಚಿದಳು, ಯಾಕೋ ತೆಗೆದುಕೊಳ್ಳಲಿಲ್ಲ.

ಬಾಗಿಲಲ್ಲಿ ದರ್ಜಿ ನಿಂತಿದ್ದ. ಮುದುಕ ಸಾಲಿನಲ್ಲೇ ಬಿಟ್ಟು ಬಂದಿದ್ದ ಕೋಟನ್ನು, ಅಂಗಡಿಯಲ್ಲಿ ಗಿರಾಕಿಗೆ ಕೊಡುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ, ತೋಳಿನ ಮೇಲೆ ಹಾಕಿಕೊಂಡಿದ್ದ.

“ಕೊಡಿ ಇಲ್ಲಿ,” ಎಂದ.

ಮುದುಕ ಅವನನ್ನು ನೋಡಿದ. ಒಂದು ಕ್ಷಣ ತಂಗಿಗೆ ಮತ್ತೆ ಜಗಳವಾಗುತ್ತದೆ ಎನಿಸಿತು. ಆಗಲಿಲ್ಲ. ದರ್ಜಿ ಕೀ ತೆಗೆದುಕೊಂಡು ಬೆಳಕಿಗೆ ತಿರುಗಿ, ಎರಡು ಉಗುರಿನ ನಡುವೆ ಗಂಟನ್ನು ಹಿಡಿದು ಒಂದಿಷ್ಟು ಹೊತ್ತು ಬರೀ ಉಜ್ಜಿದ. ಆಮೇಲೆ ಎಳೆ ತಾನಾಗಿಯೇ ಎಂಬಂತೆ ಬಿಚ್ಚಿಕೊಂಡು ಬಂತು, ಎಲ್ಲೂ ಹರಿಯದೆ. ಎಳೆಯನ್ನು ಮುದುಕನ ಅಂಗೈಗೆ ಹಾಕಿ, ಕೀಯನ್ನು ಮೇಜಿನ ಮೇಲಿಟ್ಟ.

ಮುದುಕ ಕೋಟು ಹಾಕಿಕೊಂಡ. ಬಾಗಿಲ ತನಕ ಹೋಗಿ ನಿಂತ.

“ಆ ಸ್ಟೂಲು ಅಲುಗಾಡುತ್ತೆ,” ಎಂದ, ದರ್ಜಿಯ ಮುಖ ನೋಡದೆ. “ಗೋಡೆ ಕಡೆ ಎಳ್ಕೊಂಡು ಕೂತ್ಕೋ.”

“ಹೂಂ, ಯಜಮಾನ್ರೇ.”

ಹೊಸಿಲು ದಾಟಿದವನು ಮತ್ತೆ ತಿರುಗಿದ. ಈಗ ಅವನ ಕೈ ಬರಿದಾಗಿತ್ತು.

“ಕೊನೇದು ಎಲ್ಲಿ ಬಿತ್ತು?”

ತಂಗಿಗೆ ಗೊತ್ತಿರಲಿಲ್ಲ. ಅವಳು ಬಾಯಿ ತೆರೆಯುವುದರೊಳಗೆ ದರ್ಜಿ ಹೇಳಿದ: “ಒಂಬತ್ತು. ಒಂದು ನೂಲು ಎಡಕ್ಕೆ. ದೂರದರ್ಶಕ ಎದುರಿಗೇ ಇತ್ತಲ್ಲ, ನೋಡ್ದೆ.”

“ಎಡಕ್ಕೇ ಹೋಗುತ್ತೆ,” ಎಂದು ಮುದುಕ ತಲೆಯಾಡಿಸಿದ. “ಉಸಿರು ಬಿಗಿ ಹಿಡಿದುಬಿಟ್ಟಿದ್ದೆ.”

“ಸಂಜೆ ಊಟಕ್ಕೆ ಬಾ ಅಣ್ಣ.”

“ನೋಡ್ತೀನಿ,” ಎಂದು ಅವನು ಗೇಟಿನ ಕಡೆಗೆ ನಡೆದ. ಉಣ್ಣೆಯೆಳೆ ಇದ್ದ ಮುಷ್ಟಿಯನ್ನು ಜೇಬಿಗೆ ಹಾಕದೆ ಹಾಗೇ ಮುಂದೆ ಹಿಡಿದುಕೊಂಡು ಹೋಗುತ್ತಿದ್ದ. ಕಾವಲುಗಾರ ಎದ್ದು ಸಲಾಮು ಮಾಡಿದ, ಎಂದಿನಂತೆ. ಸಾಲಿನವರಲ್ಲೂ ಅವನು ಗೇಟು ದಾಟುವ ತನಕ ಯಾರೂ ರೈಫಲ್ ಎತ್ತಿಕೊಳ್ಳಲಿಲ್ಲ. ಮೀಸೆ ಕೂಡ.

ಆಮೇಲೆ ತಂಗಿ ಮೂರನೆಯ ಜಾಗಕ್ಕೆ ಹೋಗಿ ರಾಟೆಯ ಹಿಡಿ ತಿರುಗಿಸಿದಳು. ದೂರದ ದಿಬ್ಬದ ಮುಂದಿನಿಂದ ಅಣ್ಣನ ಗುರಿಕಾಗದ ತಂತಿಯ ಮೇಲೆ ಓಲಾಡುತ್ತ ಬಂತು. ಬೆಳಿಗ್ಗೆ ಅವಳೇ ಹಾಕಿದ್ದ ಹೊಸ ಕಾಗದ. ಅದು ಬಂದು ಎದುರಿಗೆ ನಿಂತಿತು. ಕಪ್ಪು ವೃತ್ತದಲ್ಲಿ ತೂತಿರಲಿಲ್ಲ, ಸುತ್ತಲಿನ ಬಿಳಿಯಲ್ಲೂ ಇರಲಿಲ್ಲ. ಕ್ಲಿಪ್ಪು ಬಿಚ್ಚಿ ಬೆಳಕಿಗೆ ಹಿಡಿದಳು. ದರ್ಜಿ ಹೇಳಿದ ಒಂಬತ್ತರಲ್ಲೂ ಇಲ್ಲ, ಎಲ್ಲಿಯೂ ಇರಲಿಲ್ಲ.

ತಿರುಗಿ ನೋಡಿದಳು. ದರ್ಜಿ ಸ್ಟೂಲನ್ನು ಗೋಡೆಯ ಕಡೆಗೆ ಎಳೆದಿಟ್ಟಿದ್ದ. ಕೂತಿರಲಿಲ್ಲ. ಪಕ್ಕದಲ್ಲಿ ನಿಂತು, ಕರವಸ್ತ್ರದ ತುದಿಯಿಂದ ದೂರದರ್ಶಕದ ಗಾಜನ್ನು ಒರೆಸುತ್ತಿದ್ದ.