ನಗೀಮನಿಯ ಕಡೆಯ ಕನ್ನಡಿ

ಮುನವಳ್ಳಿ ದಾಟಿ ನವಿಲುತೀರ್ಥದ ಕಡೆ ಹೊರಟರೆ ಎಡಕ್ಕೆ ಸಿಗುವ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ನನ್ನದೊಂದು ಗಿರ್ಮಿಟ್ಟಿನ ಅಂಗಡಿ. ಮೊದಲು ಗೇಟಿನೊಳಗೆ ಕಾಲಿಟ್ಟ ಕೂಡಲೇ ಸಿಗುತ್ತಿದ್ದದ್ದು ನಿಜಗುಣಪ್ಪನವರ ನಗೀಮನಿ, ಅದರ ಪಕ್ಕದಲ್ಲಿ ನಾನು. ರಾಮದುರ್ಗ, ಬೈಲಹೊಂಗಲ, ಕಿತ್ತೂರಿನಿಂದ ಟೆಂಪೊ ಮಾಡಿಕೊಂಡು ಬಂದವರು ಮೊದಲು ಅಲ್ಲಿ ಹೊಕ್ಕು, ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಬಂದು, ಹಸಿವಾಯಿತೆಂದು ನನ್ನಲ್ಲಿಗೆ ಬರುತ್ತಿದ್ದರು. ಅವರ ನಗುವಿನಿಂದಲೇ ನನ್ನ ಒಲೆ ಉರಿಯುತ್ತಿತ್ತು ಅಂದರೂ ತಪ್ಪಲ್ಲ.

ನಗೀಮನಿಯೆಂದರೆ ಕನ್ನಡಿಗಳ ಓಣಿ. ಒಂದರಲ್ಲಿ ನೀವು ಜೋಳದ ದಂಟಿನಷ್ಟು ಉದ್ದ, ಇನ್ನೊಂದರಲ್ಲಿ ಹತ್ತಿಯ ಅಂಡಿಗೆಯಷ್ಟು ದಪ್ಪ. ಅವು ಗಾಜಿನವಲ್ಲ, ಹೊಳಪು ಕೊಟ್ಟ ತೆಳು ಸ್ಟೀಲ್ ತಗಡು. ನಿಜಗುಣಪ್ಪನವರು ತಗಡಿನ ಹಿಂದೆ ಕಟ್ಟಿಗೆಯ ಬೆಣೆ ಬಡಿದು ಅದನ್ನು ಬಾಗಿಸುವರು, ಮುಂದೆ ಬಂದು ತಮ್ಮ ಮುಖ ನೋಡಿಕೊಳ್ಳುವರು, ಮತ್ತೆ ಹಿಂದೆ ಹೋಗಿ ಬಡಿಯುವರು. ತಮಗೆ ನಗು ಬರುವ ತನಕ ಬಿಡುತ್ತಿರಲಿಲ್ಲ. ಕಡೆಯ ಕನ್ನಡಿಗೆ ಮಾತ್ರ ಬೆಣೆಯಿರಲಿಲ್ಲ, ಅದು ನೆಟ್ಟಗಿನದು. "ಮಂದಿ ಮನಿಗೆ ಹೋಗೂಮುಂದ ತಮ್ಮ ಮುಖಾ ತಾವು ತಗೊಂಡ ಹೋಗಬೇಕು" ಅನ್ನುತ್ತಿದ್ದರು. ವಿಚಿತ್ರವೆಂದರೆ ಜನ ಅದನ್ನು ನೋಡಿಯೇ ಹೆಚ್ಚು ನಗುತ್ತಿದ್ದರು.

ಆಮೇಲೆ ಪಾರ್ಕಿನ ಮಾಲೀಕ ಬಸವಲಿಂಗ ಸಾವಕಾರರು ಹೊಸ ನಕ್ಷೆ ಮಾಡಿಸಿದರು. ಕಾರು ನಿಲ್ಲಿಸಲು ಅನುಕೂಲವೆಂದು ಗೇಟು ಆಚೆ ಬದಿಗೆ ಹೋಯಿತು. ಹೊಸ ಗೇಟಿನಿಂದ ಬಂದವರಿಗೆ ಮೊದಲು ನೀರಿನ ಜಾರುಬಂಡೆ, ಆಮೇಲೆ ತೂಗುವ ಹಡಗು, ಆಮೇಲೆ ಮನುಷ್ಯರನ್ನು ತಲೆಕೆಳಗು ಮಾಡಿ ಜಾಡಿಸುವ ಉಕ್ಕಿನ ತೋಳು. ನಾವು ಹಿಂದೆ ಬಿದ್ದೆವು, ಜನರೇಟರಿಗೂ ಪಾಯಖಾನೆಗೂ ನಡುವೆ. ದಾರಿ ತಪ್ಪಿದವರಷ್ಟೇ ನಮ್ಮ ಕಡೆ ಬರುತ್ತಿದ್ದರು. ಬಂದವರೂ ಬಾಗಿಲಲ್ಲಿ ಇಣುಕಿ, ಇದು ಮೊಬೈಲಿನಲ್ಲೇ ಬರುತ್ತದಲ್ಲ ಎಂದು ಅಲ್ಲೇ ನಿಂತು ಮೊಬೈಲಿನಲ್ಲಿ ಮೂತಿ ಸೊಟ್ಟ ಮಾಡಿಕೊಂಡು ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಹೊತ್ತಿಗೆ ನಿಜಗುಣಪ್ಪನವರಿಗೆ ಲಕ್ವಾ ಹೊಡೆಯಿತು. ಕೈಕಾಲು ಉಳಿದವು, ಮುಖ ಉಳಿಯಲಿಲ್ಲ. ಬಾಯಿ ಎಡಕ್ಕೆ ಎಳೆದು ನಿಂತಿತು. ದವಾಖಾನೆಯಿಂದ ಬಂದ ಮೇಲೆ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗೀಮನಿಯ ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಟಿಕೆಟ್ ಹರಿಯುವುದು, ತಗಡು ಒರೆಸುವುದು ಎಲ್ಲ ಅವರ ಹೆಂಡತಿ ತಂಗೆವ್ವನ ಪಾಲಿಗೆ ಬಂತು. ಮನೆಯಲ್ಲಿದ್ದ ಕನ್ನಡಿಯನ್ನು ಅವರ ಕಣ್ಣಿಗೆ ಬೀಳದಂತೆ ಅವಳು ಆಗಲೇ ಟ್ರಂಕಿಗೆ ಹಾಕಿದ್ದಳು. ನಗೀಮನಿಯ ಬೇರೆ ಕನ್ನಡಿಗಳಿಗೆ ಅವರು ಅಂಜುತ್ತಿರಲಿಲ್ಲ, ಅವು ಎಲ್ಲರನ್ನೂ ಸೊಟ್ಟ ಮಾಡುವವು. ಅಂಜಿದ್ದು ಕಡೆಯ ಕನ್ನಡಿಗೆ.

ಒಂದು ದಿನ ಸಾವಕಾರರು ಬಂದರು. ಮನುಷ್ಯರನ್ನು ಮೇಲಕ್ಕೊಯ್ದು ದೊಪ್ಪನೆ ಕೆಳಗೆ ಬಿಡುವ ಟವರ್ ಬರುತ್ತದೆ, ಅದಕ್ಕೆ ಈ ಜಾಗವೇ ಬೇಕು, ಬರುವ ಐತವಾರ ನಗೀಮನಿಗೆ ಕಡೆಯ ದಿನ ಎಂದರು. ಅವರು ಕೆಟ್ಟವರೇನಲ್ಲ, ಹೇಳುವಾಗ ತಲೆ ತಗ್ಗಿಸಿದ್ದರು. ಆದರೆ ತಲೆ ತಗ್ಗಿಸಿದ ಮಾತ್ರಕ್ಕೆ ಯಾರ ಮನೆ ಉಳಿದಿದೆ?

ತಂಗೆವ್ವ ಅಳಲಿಲ್ಲ, ಜಗಳವಾಡಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಕೆಡವುವ ಮೊದಲು ಗಂಡ ಒಮ್ಮೆ ಒಳಗೆ ಹೋಗಬೇಕು, ತಾವು ಕಟ್ಟಿದ ಮನೆಯಲ್ಲಿ ತಾವು ನಗಬೇಕು.

ಐತವಾರ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ನನ್ನನ್ನು ಎಬ್ಬಿಸಿಕೊಂಡು ಒಳಗೆ ಹೋದಳು. ಕೈಯಲ್ಲಿ ಗಂಡನ ಸುತ್ತಿಗೆ, ಒಂದು ಬೆಣೆ.

"ಯಶೋಧಾ, ಬಾಯಿ ಎಡಕ್ಕ ಎಳಕೊಂಡು ಇಲ್ಲಿ ನಿಂದ್ರು. ನಮ್ಮವರಗತೆ."

ಕಡೆಯ ಕನ್ನಡಿಯ ಮುಂದೆ ನಿಂತು ನಾನು ಬಾಯಿ ಸೊಟ್ಟ ಮಾಡಿದೆ. ಅವಳು ಹಿಂದೆ ಹೋಗಿ ತಗಡಿನ ಬಲಗಡೆ ಬೆಣೆ ಬಡಿದಳು, ಮುಂದೆ ಬಂದು ನೋಡಿದಳು, ಮತ್ತೆ ಹೋದಳು. ಯಾರಾದರೂ ಕಂಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನನ್ನ ದವಡೆ ನೋಯತೊಡಗಿದಾಗ ಕನ್ನಡಿಯೊಳಗಿನ ಬಾಯಿ ಮೆಲ್ಲಗೆ ನೆಟ್ಟಗಾಯಿತು. ತಂಗೆವ್ವ ನನ್ನ ಕಾಲಿನ ಸುತ್ತ ಬಳಪದಿಂದ ಗೀಟು ಎಳೆದಳು, ಸಂಜೆ ಗಂಡನನ್ನು ಅಲ್ಲೇ ನಿಲ್ಲಿಸಬೇಕೆಂದು.

ಸಂಜೆ ಜನ ಕರಗಿದ ಮೇಲೆ ಗಂಡನ ಕೈ ಹಿಡಿದು ಕರೆತಂದಳು. ಏನು ಹೇಳಿ ಒಪ್ಪಿಸಿದಳೋ, ನನಗೆ ಗೊತ್ತಿಲ್ಲ. ಉದ್ದದ ಕನ್ನಡಿ, ದಪ್ಪದ ಕನ್ನಡಿ, ಎಲ್ಲದರ ಮುಂದೂ ಅವರು ತಲೆ ಬಗ್ಗಿಸಿಯೇ ನಡೆದರು. ಗೀಟಿನೊಳಗೆ ನಿಂತಾಗ ಕಣ್ಣು ಮುಚ್ಚಿದ್ದವು.

"ಒಮ್ಮೆ ನೋಡ್ರಿ," ಅಂದಳು ತಂಗೆವ್ವ.

ಕಣ್ಣು ತೆರೆದರು. ಕನ್ನಡಿಯಲ್ಲಿ ಅವರ ಹಳೆಯ ಮುಖವಿತ್ತು. ಟವೆಲ್ ಕೈಯಿಂದ ಜಾರಿತು. ಕೆನ್ನೆ ಮುಟ್ಟಿಕೊಂಡರು, ತುಟಿ ಮುಟ್ಟಿಕೊಂಡರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಅಷ್ಟರಲ್ಲಿ ಅವರ ನೋಟ ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ನಿಂತಿದ್ದ ತಂಗೆವ್ವನ ಬಾಯಿ ಕನ್ನಡಿಯಲ್ಲಿ ಬಲಕ್ಕೆ ಎಳೆದುಕೊಂಡಿತ್ತು. ಅವರ ಮುಖದ ಚಿಂತೆಯಲ್ಲಿ ಅವಳ ಮುಖ ನಮಗಿಬ್ಬರಿಗೂ ನೆನಪಿರಲಿಲ್ಲ. ಜೀವನವಿಡೀ ತಗಡು ಬಾಗಿಸಿದವರಿಗೆ ತಿಳಿಯದಿರುತ್ತದೆಯೇ? ನಿಜಗುಣಪ್ಪನವರು ಕನ್ನಡಿಯ ಹಿಂದೆ ಹೋಗಿ ಬೆಣೆ ಕಿತ್ತರು. ಮತ್ತೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತರು. ಈಗ ಅವಳ ಮುಖ ಸರಿಯಿತ್ತು, ಅವರದು ಸೊಟ್ಟ.

"ನಿನ್ನ ಮುಖಾ ಕೆಡಿಸಿ ನನ್ನ ಮುಖಾ ನೆಟ್ಟಗ ಮಾಡತೀಯೇನ? ಹಿಂಗ ಇರಲಿ ಬಿಡ," ಅಂದರು. ಮಾತು ತೊದಲಿತು. ಆಮೇಲೆ ನಕ್ಕರು. ಬಾಯಿ ಸೊಟ್ಟ, ಜೊಲ್ಲು ಇಳಿಯುತ್ತಿತ್ತು, ದನಿ ಮಾತ್ರ ಹಳೆಯದೇ. ತಂಗೆವ್ವ ಸೆರಗಿನಿಂದ ಅವರ ಬಾಯಿ ಒರೆಸುತ್ತ ತಾನೂ ನಕ್ಕಳು, ನಗುತ್ತಲೇ ಅತ್ತಳು.

ಮರುದಿನ ಜೆಸಿಬಿ ಬಂತು. ತಗಡುಗಳನ್ನು ಗುಜರಿಯವನು ಒಯ್ದ. ಕಡೆಯದನ್ನು ಮಾತ್ರ ಗಂಡ ಹೆಂಡತಿ ಮುನವಳ್ಳಿಯ ತಮ್ಮ ಮನೆಗೆ ಒಯ್ದರು. ಟವರ್ ಎದ್ದಿತು, ಈಗ ಅಲ್ಲಿ ದಿನವಿಡೀ ಚೀರಾಟ. ಮೇಲಿಂದ ಬಿದ್ದವರಿಗೆ ಹೊಟ್ಟೆ ತೊಳೆಸುತ್ತದೆ, ಗಿರ್ಮಿಟ್ ಯಾರಿಗೆ ಬೇಕು?

ಶ್ರಾವಣದಲ್ಲಿ ನಿಜಗುಣಪ್ಪನವರಿಗೆ ಮತ್ತೆ ಲಕ್ವಾ ಹೊಡೆಯಿತು, ಈ ಸಲ ಅವರು ಉಳಿಯಲಿಲ್ಲ. ಶಿವಗಣಾರಾಧನೆ ಮುಗಿದ ಮೇಲೆ ತಂಗೆವ್ವನನ್ನು ಮಾತಾಡಿಸಲು ಹೋದೆ. ಆ ಕನ್ನಡಿ ಪಡಸಾಲೆಯ ಗೋಡೆಗಿತ್ತು. ಹಾಯುವಾಗ ನೋಡಿದರೆ ನನ್ನ ಬಾಯಿ ಎಡಕ್ಕೆ ಎಳೆದಿತ್ತು. ಹಿಂದೆ ಕೈ ಹಾಕಿದೆ. ಬೆಣೆ ಸಿಕ್ಕಿತು. ಅವತ್ತು ಬಲಗಡೆ ಬಡಿದದ್ದು ಈಗ ಎಡಗಡೆ ಇತ್ತು.

"ತಗೀಬ್ಯಾಡ ಯಶೋಧಾ," ಅಂದಳು ತಂಗೆವ್ವ. "ಹಂಗ ಇದ್ರ ನಮ್ಮವರು ಕಾಣತಾರ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಆ ಕನ್ನಡಿಯ ಮುಂದೆ ನಿಂತು ಹಣೆಗೆ ವಿಭೂತಿ ಹಚ್ಚಿಕೊಂಡಳು.